ಹಂಚಿಕೆಯ ಫೋಲ್ಡರಿಗೆ ಯಜಮಾನರು ಯಾರು?

ಹಿಂದೆ ನಮ್ಮ ಚನ್ನಪಟ್ಟಣದ ಅಂಗಡಿಗಳಲ್ಲಿ ರೋಕಡ ಪುಸ್ತಕ ಮತ್ತು ಖಾತೆ ಪುಸ್ತಕಗಳು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಯೇ ಇರುತ್ತಿದ್ದವು. ಅವುಗಳಲ್ಲಿ ಬರೆಯುವ ಅಧಿಕಾರ ಗುಮಾಸ್ತರದು. ತೆರೆದು ನೋಡುವ ಅಧಿಕಾರ ಯಜಮಾನರದು ಮತ್ತು ಅವರು ಒಪ್ಪಿದವರದು. ಈ ನಿಯಮವನ್ನು ಯಾರೂ ಬರೆದು ಗೋಡೆಗೆ ಅಂಟಿಸಿರಲಿಲ್ಲ. ಆದರೂ ಅದು ಎಲ್ಲರಿಗೂ ಗೊತ್ತಿತ್ತು. ಯಾವುದೋ ಒಂದು ಅಂಕಿಯನ್ನು ಹೊಡೆದುಹಾಕಿ ತಿದ್ದಿದ್ದರೆ, ತಿದ್ದಿದವರು ಯಾರೆಂಬುದನ್ನು ಕೈಬರಹವೇ ಹೇಳುತ್ತಿತ್ತು.

ಇಂದು ಆ ಪುಸ್ತಕಗಳ ಸ್ಥಾನದಲ್ಲಿ ಕಚೇರಿಯ ಮೂಲೆಯಲ್ಲೊಂದು ಸರ್ವರ್ ಅಥವಾ ಸಣ್ಣ ನೆಟ್‌ವರ್ಕ್ ಸಂಗ್ರಹ ಪೆಟ್ಟಿಗೆ ಇರುತ್ತದೆ. ನಾಲ್ಕಾರು ಕಂಪ್ಯೂಟರುಗಳು ಅದಕ್ಕೆ ಸೇರಿಕೊಂಡಿರುತ್ತವೆ. ಅದರಲ್ಲಿ ಎಲ್ಲರೂ ಬಳಸುವ ಒಂದು ಹಂಚಿಕೆಯ ಫೋಲ್ಡರ್. ಖರೀದಿ ಬಿಲ್ಲುಗಳು, ಕುಶಲಕರ್ಮಿಗಳ ಕೂಲಿ ಪಟ್ಟಿ, ಅವರ ಆಧಾರ್ ಪ್ರತಿಗಳು, ಹೊರದೇಶದ ಗಿರಾಕಿಗೆ ಕೊಟ್ಟ ದರಪಟ್ಟಿ, ಆಟಿಕೆಗಳ ವಿನ್ಯಾಸ ಚಿತ್ರಗಳು, ಗುಣಮಟ್ಟ ಪರೀಕ್ಷೆಯ ವರದಿಗಳು, ಜಿಎಸ್‌ಟಿ ವಿವರಣಾ ಪಟ್ಟಿಗಳು ಎಲ್ಲವೂ ಅದರಲ್ಲಿಯೇ. ಈ ಫೋಲ್ಡರನ್ನು ಯಾರು ತೆರೆಯಬಹುದು, ಯಾರು ತಿದ್ದಬಹುದು ಎಂದು ಮಾಲೀಕರನ್ನು ಕೇಳಿದರೆ ಹತ್ತರಲ್ಲಿ ಎಂಟು ಮಂದಿ ಕೊಡುವ ಉತ್ತರ ಒಂದೇ: “ಅದೆಲ್ಲ ಕಂಪ್ಯೂಟರ್ ರಿಪೇರಿಯ ಹುಡುಗನಿಗೆ ಗೊತ್ತು.”

ಈ ಉತ್ತರ ಸರಿಯಲ್ಲವೆಂಬುದೇ ಈ ಲೇಖನದ ಅಭಿಪ್ರಾಯ. ಬ್ಯಾಂಕಿನ ಚೆಕ್ಕಿಗೆ ಯಾರು ಸಹಿ ಹಾಕಬೇಕೆಂಬುದನ್ನು ನಾವು ಬ್ಯಾಂಕಿನ ಜವಾನನ ತೀರ್ಮಾನಕ್ಕೆ ಬಿಡುವುದಿಲ್ಲ. ಫೋಲ್ಡರಿನ ಅಧಿಕಾರವೂ ಅದೇ ಬಗೆಯದು. ಅದನ್ನು ಜಾರಿಗೊಳಿಸುವುದು ತಂತ್ರಜ್ಞರ ಕೆಲಸ. ನಿರ್ಧರಿಸುವುದು ಮಾಲೀಕರ ಕೆಲಸ.

ಒಂದು ಅನುಭವ

ಕೆಲವು ವರ್ಷಗಳ ಹಿಂದಿನ ಮಾತು. ನಾನು ಲೆಕ್ಕ ಪರಿಶೋಧನೆ ಮಾಡುತ್ತಿದ್ದ ಒಂದು ಆಟಿಕೆ ತಯಾರಿಕಾ ಘಟಕದಲ್ಲಿ ಏಳು ಕಂಪ್ಯೂಟರುಗಳಿದ್ದವು. ಸಂಗ್ರಹ ಪೆಟ್ಟಿಗೆಯನ್ನು ಹೊಸದಾಗಿ ಕೂರಿಸಿದ ದಿನ ತಂತ್ರಜ್ಞರು ಯಾರಿಗೆ ಎಷ್ಟು ಅಧಿಕಾರ ಕೊಡಬೇಕೆಂದು ಕೇಳಿದರು. ಮಾಲೀಕರು ನನ್ನ ಮುಖ ನೋಡಿದರು. “ಎಲ್ಲರಿಗೂ ತೆರೆದಿಡಿ. ನಮ್ಮ ಹುಡುಗರಿಗೂ ಆಡಿಟ್ ಸಮಯದಲ್ಲಿ ಅನುಕೂಲವಾಗುತ್ತದೆ” ಎಂದವನು ನಾನೇ. ಎಲ್ಲ ಕಂಪ್ಯೂಟರುಗಳಿಗೂ ಒಂದೇ ಹೆಸರು, ಒಂದೇ ಗುಪ್ತಪದ ನಿಗದಿಯಾಯಿತು.

ಮುಂದಿನ ಸೆಪ್ಟೆಂಬರಿನಲ್ಲಿ ಮಾರ್ಚ್ 31ರ ದಾಸ್ತಾನು ಪಟ್ಟಿಯನ್ನು ಪರಿಶೀಲಿಸುವಾಗ, ಬ್ಯಾಂಕಿಗೆ ಕೊಟ್ಟಿದ್ದ ಮುದ್ರಿತ ಪಟ್ಟಿಗೂ ಫೋಲ್ಡರಿನಲ್ಲಿದ್ದ ಪಟ್ಟಿಗೂ ಸುಮಾರು ನಾಲ್ಕು ಲಕ್ಷ ರೂಪಾಯಿಗಳ ವ್ಯತ್ಯಾಸ ಕಂಡಿತು. ಕೆಲವು ಸಾಲುಗಳೇ ಮಾಯವಾಗಿದ್ದವು. ಸಂಶಯ ಸಹಜವಾಗಿಯೇ ದಾಸ್ತಾನು ನೋಡಿಕೊಳ್ಳುತ್ತಿದ್ದ ಗುಮಾಸ್ತರ ಮೇಲೆ ಬಿತ್ತು. ಹನ್ನೊಂದು ವರ್ಷ ಅಲ್ಲಿ ದುಡಿದವರು ಅವರು. ತಾವು ಅದನ್ನು ಮುಟ್ಟಿಲ್ಲವೆಂದು ಅವರು ಹೇಳಿದರು. ಅದನ್ನು ಸಾಬೀತುಪಡಿಸಲು ಅವರ ಬಳಿ ಏನೂ ಇರಲಿಲ್ಲ. ಸುಳ್ಳೆಂದು ಸಾಬೀತುಪಡಿಸಲು ನಮ್ಮ ಬಳಿಯೂ ಏನೂ ಇರಲಿಲ್ಲ. ಏಳು ಕಂಪ್ಯೂಟರುಗಳಿಂದ ಒಳಹೋದವರೆಲ್ಲರ ಹೆಸರೂ ಒಂದೇ ಆಗಿತ್ತು. ಮಾಲೀಕರು ಅವರನ್ನು ತೆಗೆದುಹಾಕಲಿಲ್ಲ. ಆದರೆ ಗೋದಾಮಿನ ಕೀಲಿಕೈಯನ್ನು ಹಿಂದಕ್ಕೆ ಪಡೆದರು. ಮುಂದಿನ ತಿಂಗಳು ಆ ಗುಮಾಸ್ತರೇ ಕೆಲಸ ಬಿಟ್ಟರು.

ಮೂರು ತಿಂಗಳ ಅನಂತರ ನಮ್ಮ ಕಚೇರಿಯ ಹಳೆಯ ಲ್ಯಾಪ್‌ಟಾಪಿನಲ್ಲಿ ಬೇರೇನನ್ನೋ ಹುಡುಕುವಾಗ ಅದೇ ದಾಸ್ತಾನು ಪಟ್ಟಿ ಸಿಕ್ಕಿತು. ಅದರಲ್ಲಿಯೂ ಅವೇ ಸಾಲುಗಳು ಇರಲಿಲ್ಲ. ನಮ್ಮಲ್ಲಿ ತರಬೇತಿ ಪಡೆಯುತ್ತಿದ್ದ ಹುಡುಗನೊಬ್ಬ ಪ್ರತಿಯನ್ನು ತೆರೆಯುವ ಬದಲು ಮೂಲ ಪಟ್ಟಿಯನ್ನೇ ತೆರೆದು, ತನಗೆ ಬೇಡವಾದ ಸಾಲುಗಳನ್ನು ಅಳಿಸಿ, ಅಲ್ಲಿಯೇ ಉಳಿಸಿ, ಅನಂತರ ಅದರ ಪ್ರತಿಯನ್ನು ತಂದಿದ್ದ. ಅವನಿಗೆ ಓದುವ ಅಧಿಕಾರವನ್ನು ಮಾತ್ರ ಕೊಟ್ಟಿದ್ದರೆ ಮೂಲ ಪಟ್ಟಿಯಲ್ಲಿ ಒಂದಕ್ಷರವೂ ಅಳಿಯುತ್ತಿರಲಿಲ್ಲ. ನಾನು ಮಾಲೀಕರಿಗೆ ವಿಷಯ ತಿಳಿಸಿದೆ. ಇಬ್ಬರೂ ಹೋಗಿ ಆ ಗುಮಾಸ್ತರನ್ನು ಕಂಡು ಕ್ಷಮೆ ಕೇಳಿದೆವು. ಅವರು ನಮ್ಮನ್ನು ಕೂರಿಸಿ ಕಾಫಿ ಕೊಟ್ಟರು. ಕೆಲಸಕ್ಕೆ ಮಾತ್ರ ಹಿಂದಿರುಗಲಿಲ್ಲ.

ಆ ಘಟಕದಲ್ಲಿ ಕಳ್ಳರು ಯಾರೂ ಇರಲಿಲ್ಲ. ಹಾಗಿದ್ದೂ ಒಬ್ಬ ಪ್ರಾಮಾಣಿಕರ ಹೆಸರು ಕೆಟ್ಟಿತು. ಅಧಿಕಾರದ ಮಿತಿಯೆಂಬುದು ಸಿಬ್ಬಂದಿಯ ಮೇಲಿನ ಅಪನಂಬಿಕೆಯಲ್ಲ, ಅವರಿಗೆ ಕೊಡುವ ರಕ್ಷಣೆ ಎಂಬುದನ್ನು ನಾನು ಕಲಿತದ್ದು ಹೀಗೆ.

ಹಂಚಿಕೆಯೂ ಒಂದು ಅಧಿಕಾರ ಪತ್ರ

ತಂತ್ರಜ್ಞಾನದ ಮಾತೆಂದೊಡನೆ ನಮ್ಮ ವರ್ತಕ ಬಾಂಧವರು ಹಿಂಜರಿಯುತ್ತಾರೆ. ಆದರೆ ಇದರ ತಿರುಳು ನಮಗೆ ಅಪರಿಚಿತವಲ್ಲ. ಆಸ್ತಿಯ ವಿಷಯದಲ್ಲಿ ನಾವು ಬರೆದುಕೊಡುವ ಅಧಿಕಾರ ಪತ್ರದಲ್ಲಿ ಮೂರು ಸಂಗತಿಗಳಿರುತ್ತವೆ: ಯಾವ ಆಸ್ತಿ, ಯಾರಿಗೆ, ಯಾವ ಅಧಿಕಾರ. ಸರ್ವರಿನಲ್ಲಿ ಫೋಲ್ಡರ್ ಹಂಚುವಾಗ ಬರೆಯುವುದೂ ಈ ಮೂರನ್ನೇ.

ಸಂಗ್ರಹ ಪೆಟ್ಟಿಗೆಗಳಲ್ಲಿ ಬಹುಪಾಲು ಒಳಗೆ ಲಿನಕ್ಸ್ ವ್ಯವಸ್ಥೆಯಿಂದಲೇ ನಡೆಯುತ್ತವೆ. ಇವು ಫೋಲ್ಡರನ್ನು ಎರಡು ವಿಧಾನಗಳಲ್ಲಿ ಹಂಚುತ್ತವೆ. ವಿಂಡೋಸ್ ಕಂಪ್ಯೂಟರುಗಳು ಬಳಸುವ ಎಸ್‌ಎಂಬಿ ಒಂದು. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ 1984ರಲ್ಲಿ ರೂಪಿಸಿದ, ಲಿನಕ್ಸ್ ಯಂತ್ರಗಳು ಹೆಚ್ಚಾಗಿ ಬಳಸುವ ಎನ್‌ಎಫ್‌ಎಸ್ ಇನ್ನೊಂದು. ಎನ್‌ಎಫ್‌ಎಸ್ ವಿಧಾನದಲ್ಲಿ ಹಂಚಿಕೆಯ ಪಟ್ಟಿ ‘ಎಕ್ಸ್‌ಪೋರ್ಟ್ಸ್’ ಎಂಬ ಒಂದು ಕಡತದಲ್ಲಿರುತ್ತದೆ. ಪ್ರತಿಯೊಂದು ಸಾಲಿನಲ್ಲಿಯೂ ಮೊದಲು ಫೋಲ್ಡರಿನ ಹೆಸರು, ಅನಂತರ ಅದನ್ನು ಬಳಸಬಹುದಾದ ಕಂಪ್ಯೂಟರಿನ ವಿಳಾಸ, ಆ ವಿಳಾಸಕ್ಕೆ ಅಂಟಿಕೊಂಡಂತೆ ಆವರಣ ಚಿಹ್ನೆಯೊಳಗೆ ಅಧಿಕಾರ. ‘ಆರ್‌ಓ’ ಎಂದರೆ ಓದಲು ಮಾತ್ರ. ‘ಆರ್‌ಡಬ್ಲ್ಯೂ’ ಎಂದರೆ ಓದಲು ಮತ್ತು ಬರೆಯಲು.

ಇಲ್ಲಿ ನಾಲ್ಕು ಎಡವಟ್ಟುಗಳು ಸಾಮಾನ್ಯ.

ಮೊದಲನೆಯದು, ಖಾಲಿ ಜಾಗ. ವಿಳಾಸಕ್ಕೂ ಆವರಣ ಚಿಹ್ನೆಗೂ ನಡುವೆ ಕೈತಪ್ಪಿ ಒಂದು ಖಾಲಿ ಜಾಗ ಬಿದ್ದರೆ ಅರ್ಥವೇ ತಿರುಗುಮುರುಗಾಗುತ್ತದೆ. ನಾವು ಹೆಸರಿಸಿದ ಕಂಪ್ಯೂಟರಿಗೆ ಬರಿಯ ಓದುವ ಅಧಿಕಾರ ಉಳಿಯುತ್ತದೆ. ಸರ್ವರನ್ನು ತಲುಪಬಲ್ಲ ಇತರ ಎಲ್ಲ ಯಂತ್ರಗಳಿಗೂ ಬರೆಯುವ ಅಧಿಕಾರ ಸಿಗುತ್ತದೆ. ಕ್ರಯಪತ್ರದಲ್ಲಿ ಒಂದು ಅಲ್ಪವಿರಾಮ ತಪ್ಪಿದರೆ ಏನಾಗುವುದೆಂದು ಬಲ್ಲ ನಮಗೆ ಇದರ ಗಂಭೀರತೆಯನ್ನು ವಿವರಿಸಬೇಕಾಗಿಲ್ಲ.

ಎರಡನೆಯದು, ಇಡೀ ಜಾಲಕ್ಕೆ ಅಧಿಕಾರ ಕೊಡುವುದು. ಒಂದೊಂದು ಕಂಪ್ಯೂಟರಿನ ವಿಳಾಸ ಬರೆಯುವ ಶ್ರಮ ತಪ್ಪಿಸಲು ಕಚೇರಿಯ ಜಾಲದ ಎಲ್ಲ ವಿಳಾಸಗಳನ್ನೂ ಒಟ್ಟಿಗೆ ಸೇರಿಸಿಬಿಡುತ್ತಾರೆ. ಅದೇ ಜಾಲದ ವೈಫೈ ಗುಪ್ತಪದವನ್ನು ನಾವು ಸೌಜನ್ಯಕ್ಕಾಗಿ ಗಿರಾಕಿಗೆ, ಸರಕು ಸಾಗಣೆಯವರಿಗೆ, ಸಂಬಂಧಿಕರ ಮಕ್ಕಳಿಗೆ ಕೊಟ್ಟಿರುತ್ತೇವೆ. ಅವರ ಸಾಧನಗಳೆಲ್ಲವೂ ಆ ಅಧಿಕಾರ ಪತ್ರದ ಫಲಾನುಭವಿಗಳಾಗುತ್ತವೆ.

ಮೂರನೆಯದು, ಸಂಖ್ಯೆಯನ್ನು ನಂಬುವುದು. ಎನ್‌ಎಫ್‌ಎಸ್‌ನ ಸಾಮಾನ್ಯ ವಿಧಾನದಲ್ಲಿ ಸರ್ವರ್ ಬಳಕೆದಾರರ ಗುಪ್ತಪದವನ್ನು ಕೇಳುವುದಿಲ್ಲ. ಎದುರಿನ ಯಂತ್ರ ಕಳುಹಿಸುವ ಬಳಕೆದಾರ ಸಂಖ್ಯೆಯನ್ನು ಹಾಗೆಯೇ ನಂಬುತ್ತದೆ. ಒಂದು ಯಂತ್ರದಲ್ಲಿ 1001 ಎಂಬ ಸಂಖ್ಯೆ ಲೆಕ್ಕಿಗರದಾಗಿದ್ದು, ಇನ್ನೊಂದರಲ್ಲಿ ಅದೇ ಸಂಖ್ಯೆ ವಿನ್ಯಾಸಗಾರರದಾಗಿದ್ದರೆ ಸರ್ವರಿಗೆ ಇಬ್ಬರೂ ಒಬ್ಬರೇ. ಟೋಕನ್ ಸಂಖ್ಯೆ ನೋಡಿ ಹಣ ಕೊಟ್ಟು, ಮುಖ ನೋಡದಿದ್ದಂತೆ. ಗುರುತಿನ ಪ್ರತ್ಯೇಕ ದೃಢೀಕರಣಕ್ಕೆ ಕೆರ್ಬೆರೋಸ್ ಎಂಬ ವ್ಯವಸ್ಥೆಯಿದೆ. ಸಣ್ಣ ಕಚೇರಿಗಳಿಗೆ ಅದು ಭಾರವೆನಿಸಿದರೆ, ಈ ವಿಧಾನವನ್ನು ನಮ್ಮ ಹತೋಟಿಯಲ್ಲಿರುವ ಒಂದೆರಡು ಯಂತ್ರಗಳಿಗೆ ಸೀಮಿತಗೊಳಿಸುವುದೇ ಕ್ಷೇಮ.

ನಾಲ್ಕನೆಯದು, ‘ರೂಟ್’ ಎಂಬ ಸರ್ವಾಧಿಕಾರಿಗೆ ಸಂಬಂಧಿಸಿದ್ದು. ಬೇರೊಂದು ಯಂತ್ರದ ಸರ್ವಾಧಿಕಾರಿ ನಮ್ಮ ಸರ್ವರಿಗೆ ಬಂದಾಗ ಅವನನ್ನು ಅಧಿಕಾರವಿಲ್ಲದ ಸಾಮಾನ್ಯ ಅತಿಥಿಯೆಂದು ಎಣಿಸುವ ‘ರೂಟ್ ಸ್ಕ್ವಾಷ್’ ಎಂಬ ಏರ್ಪಾಡು ಮೊದಲಿನಿಂದಲೇ ಜಾರಿಯಲ್ಲಿರುತ್ತದೆ. ತನ್ನ ಅಂಗಡಿಯಲ್ಲಿ ಯಜಮಾನನಾದವನು ನಮ್ಮ ಅಂಗಡಿಯಲ್ಲಿ ಗಿರಾಕಿ ಮಾತ್ರ ಎಂಬ ನ್ಯಾಯವಿದು. ಕೆಲಸ ಬೇಗ ಮುಗಿಯಲೆಂದು ಕೆಲವರು ಇದನ್ನು ತೆಗೆದುಹಾಕುತ್ತಾರೆ. ಹಾಗೆ ಮಾಡಿದ್ದರೆ ಕಾರಣ ಕೇಳುವುದು ಮಾಲೀಕರ ಹಕ್ಕು.

ಇನ್ನು ವಿಂಡೋಸ್ ಸರ್ವರುಗಳಲ್ಲಿ ಎರಡು ಬೀಗಗಳಿವೆ: ಹಂಚಿಕೆಯ ಅಧಿಕಾರ ಒಂದು, ಫೋಲ್ಡರಿನದೇ ಆದ ಎನ್‌ಟಿಎಫ್‌ಎಸ್ ಅಧಿಕಾರ ಇನ್ನೊಂದು. ಜಾಲದ ಮೂಲಕ ಬರುವವರಿಗೆ ಈ ಎರಡರಲ್ಲಿ ಹೆಚ್ಚು ಬಿಗಿಯಾದುದು ಅನ್ವಯಿಸುತ್ತದೆ. ಆದರೆ ಸರ್ವರಿನ ಮುಂದೆಯೇ ಕುಳಿತವರಿಗೆ ಎರಡನೆಯದು ಮಾತ್ರ ಅಡ್ಡಿ. ಹೊರಬಾಗಿಲಿಗೆ ಬೀಗ ಹಾಕಿ ತಿಜೋರಿಯನ್ನು ತೆರೆದಿಟ್ಟ ಸ್ಥಿತಿ ನಮ್ಮಲ್ಲಿದೆಯೇ ಎಂಬುದನ್ನು ವಿಚಾರಿಸಿಕೊಳ್ಳಬೇಕು.

ಲೆಕ್ಕಪತ್ರ ತಂತ್ರಾಂಶದಲ್ಲಿ ಗುಪ್ತಪದವಿದೆಯಲ್ಲ, ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ತಂತ್ರಾಂಶದ ಗುಪ್ತಪದ ಪುಸ್ತಕದ ಪುಟಗಳನ್ನು ಕಾಯುತ್ತದೆ, ಪುಸ್ತಕವಿಟ್ಟ ಬೀರುವನ್ನಲ್ಲ. ಹಲವರು ಏಕಕಾಲದಲ್ಲಿ ಬಳಸುವ ಸಾಮಾನ್ಯ ಏರ್ಪಾಡಿನಲ್ಲಿ ದತ್ತಾಂಶವು ಹಂಚಿಕೆಯ ಫೋಲ್ಡರಿನಲ್ಲಿಯೇ ಇರುತ್ತದೆ. ಅಲ್ಲಿ ಬರೆಯುವ ಅಧಿಕಾರವುಳ್ಳವರು ತಂತ್ರಾಂಶವನ್ನು ತೆರೆಯದೆಯೇ ಇಡೀ ವರ್ಷದ ಲೆಕ್ಕವನ್ನು ಅಳಿಸಬಹುದು. ತಿದ್ದುಪಡಿಗಳ ದಾಖಲೆಯೂ ಅದರೊಂದಿಗೆ ಹೋಗುತ್ತದೆ.

ಕಾನೂನಿನ ನಿರೀಕ್ಷೆ

ಇದು ಕೇವಲ ಶಿಸ್ತಿನ ಪ್ರಶ್ನೆಯಲ್ಲ. ಕೇಂದ್ರ ಜಿಎಸ್‌ಟಿ ನಿಯಮಗಳ 56(8)ನೇ ನಿಯಮದ ಪ್ರಕಾರ ಲೆಕ್ಕಪುಸ್ತಕದ ಯಾವ ನಮೂದನ್ನೂ ಅಳಿಸುವಂತಿಲ್ಲ, ಅದರ ಮೇಲೆಯೇ ಬರೆಯುವಂತಿಲ್ಲ. ಲೆಕ್ಕ ವಿದ್ಯುನ್ಮಾನ ರೂಪದಲ್ಲಿದ್ದರೆ ತಿದ್ದಿದ ಅಥವಾ ಅಳಿಸಿದ ಪ್ರತಿಯೊಂದು ನಮೂದಿನ ದಾಖಲೆಯನ್ನೂ ಇಟ್ಟಿರಬೇಕು. ಅಂದರೆ ಕೈಬರಹ ಮಾಡುತ್ತಿದ್ದ ಸಾಕ್ಷಿಯ ಕೆಲಸವನ್ನು ಕಾನೂನು ಕಂಪ್ಯೂಟರಿನಿಂದಲೂ ನಿರೀಕ್ಷಿಸುತ್ತದೆ.

ಅದೇ ಕಾಯ್ದೆಯ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ವಿವರಣಾ ಪಟ್ಟಿ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. 2023-24ನೇ ಸಾಲಿನ ಲೆಕ್ಕವನ್ನು ಈ ಪ್ರಕಾರ 2030ರ ಡಿಸೆಂಬರ್ 31ರವರೆಗೆ ಇಡಬೇಕಾಗುತ್ತದೆ. ಅಷ್ಟು ವರ್ಷಗಳಲ್ಲಿ ಎಷ್ಟು ಸಿಬ್ಬಂದಿ ಬಂದು ಹೋಗುತ್ತಾರೆಂಬುದನ್ನು ಎಣಿಸಿದರೆ, ಎಲ್ಲರಿಗೂ ಬರೆಯುವ ಅಧಿಕಾರ ಕೊಟ್ಟ ಫೋಲ್ಡರಿನಲ್ಲಿ ಹಳೆಯ ಲೆಕ್ಕವನ್ನು ಇಡುವುದು ಎಷ್ಟು ಅಪಾಯಕರವೆಂಬುದು ಸ್ಪಷ್ಟವಾಗುತ್ತದೆ. ಮುಗಿದ ವರ್ಷದ ಲೆಕ್ಕ ಎಲ್ಲರಿಗೂ ಓದಲು ಮಾತ್ರ ಎಂಬುದು ಮೊದಲ ನಿಯಮವಾಗಬೇಕು.

ಖಾಸಗಿ ಕಂಪನಿಯಾಗಿ ನೋಂದಾಯಿಸಿದ ಸದಸ್ಯರಿಗೆ ಹೊಣೆ ಇನ್ನೂ ಹೆಚ್ಚಿನದು. 2023ರ ಏಪ್ರಿಲ್ 1ರಿಂದ ಆರಂಭವಾದ ಹಣಕಾಸು ವರ್ಷಗಳಲ್ಲಿ ಅವರು ಬಳಸುವ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯ ಜಾಡನ್ನು ದಿನಾಂಕ ಸಹಿತ ದಾಖಲಿಸಬೇಕು; ಆ ಏರ್ಪಾಡನ್ನು ಸ್ಥಗಿತಗೊಳಿಸಲು ಆಗದಂತಿರಬೇಕು. ಇದು ಪಾಲನೆಯಾಗಿದೆಯೇ ಎಂದು ಲೆಕ್ಕ ಪರಿಶೋಧಕರು ವರದಿ ಮಾಡಬೇಕು. ಜೊತೆಗೆ 2022ರ ಆಗಸ್ಟ್ ತಿಂಗಳ ತಿದ್ದುಪಡಿಯಂತೆ ಲೆಕ್ಕಪುಸ್ತಕಗಳ ಪ್ರತಿಯನ್ನು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನ ಇರಿಸಬೇಕು. ಎಲ್ಲರೂ ಒಂದೇ ಹೆಸರಿನಿಂದ ಒಳಬಂದರೆ ತಿದ್ದುಪಡಿಯ ಜಾಡು ಹೇಳುವುದಾದರೂ ಏನನ್ನು?

ಕುಶಲಕರ್ಮಿಗಳ ಆಧಾರ್ ಪ್ರತಿ, ಬ್ಯಾಂಕ್ ಖಾತೆಯ ವಿವರಗಳ ವಿಷಯ ಬೇರೆಯೇ. ವೈಯಕ್ತಿಕ ದತ್ತಾಂಶ ರಕ್ಷಣೆಗಾಗಿ 2023ರಲ್ಲಿ ಕಾಯ್ದೆ ಬಂದಿದೆ. 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೊಳ್ಳುವಂತೆ ಗೊತ್ತುಪಡಿಸಲಾಗಿದೆ. ಕೂಲಿ ಪಟ್ಟಿಯನ್ನು ಮಾರಾಟ ವಿಭಾಗದ ಕಂಪ್ಯೂಟರಿನಲ್ಲಿ ತೆರೆಯಲು ಬಿಡುವ ಅಭ್ಯಾಸಕ್ಕೆ ಈಗಲೇ ವಿದಾಯ ಹೇಳುವುದು ಒಳಿತು.

ಜಗತ್ತಿನಿಂದ ಮತ್ತು ನಮ್ಮ ನಾಡಿನಿಂದ ಎರಡು ಪಾಠಗಳು

2017ರ ಮೇ 12ರಂದು ‘ವನ್ನಾಕ್ರೈ’ ಎಂಬ ಕುತಂತ್ರಾಂಶ ನೂರೈವತ್ತಕ್ಕೂ ಹೆಚ್ಚು ದೇಶಗಳ ಕಂಪ್ಯೂಟರುಗಳಿಗೆ ಹಬ್ಬಿತು. ಬ್ರಿಟನ್ನಿನ ಹಲವು ಸಾರ್ವಜನಿಕ ಆಸ್ಪತ್ರೆಗಳ ಕೆಲಸ ಅಸ್ತವ್ಯಸ್ತವಾಯಿತು. ಕಡತಗಳನ್ನು ಹಂಚಿಕೊಳ್ಳಲು ವಿಂಡೋಸ್ ಬಳಸುತ್ತಿದ್ದ ಎಸ್‌ಎಂಬಿಯ ಹಳೆಯ ಆವೃತ್ತಿಯಲ್ಲಿದ್ದ ದೋಷವೇ ಅದರ ಹೆದ್ದಾರಿಯಾಗಿತ್ತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ಎರಡು ತಿಂಗಳ ಹಿಂದೆ, ಮಾರ್ಚಿನಲ್ಲಿಯೇ ಪರಿಹಾರ ಬಿಡುಗಡೆ ಮಾಡಿತ್ತು. ಅದನ್ನು ಅಳವಡಿಸಿಕೊಳ್ಳದವರು ಬಲಿಯಾದರು. ಇಂತಹ ಒತ್ತೆಹಣದ ಕುತಂತ್ರಾಂಶಗಳು ಒಂದು ಕಂಪ್ಯೂಟರನ್ನು ಹೊಕ್ಕರೆ, ಆ ಕಂಪ್ಯೂಟರಿಗೆ ಎಲ್ಲೆಲ್ಲಿ ಬರೆಯುವ ಅಧಿಕಾರವಿದೆಯೋ ಆ ಫೋಲ್ಡರುಗಳನ್ನೂ ಬೀಗ ಹಾಕಿ ಕೂರುತ್ತವೆ. ಆದ್ದರಿಂದ ಲೆಕ್ಕದ ಬ್ಯಾಕಪ್ ಪ್ರತಿಯನ್ನು ಅದೇ ಹಂಚಿಕೆಯ ಫೋಲ್ಡರಿನಲ್ಲಿ ಇಡುವುದು, ಮನೆಯ ಎರಡನೆಯ ಕೀಲಿಕೈಯನ್ನು ಮೊದಲನೆಯದರ ಗೊಂಚಲಿಗೇ ಪೋಣಿಸಿದಂತೆ.

ಎರಡನೆಯ ಪಾಠ ನಮ್ಮ ರಾಜ್ಯದ್ದೇ. ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯಡಿ ಸುಮಾರು 2 ಕೋಟಿ ಪಹಣಿ ದಾಖಲೆಗಳನ್ನು ಗಣಕೀಕರಿಸಿತು. ರೈತರು ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟು ಪಹಣಿ ಪಡೆಯುವಂತಾದುದು ಎಲ್ಲರಿಗೂ ನೆನಪಿದೆ. ಅಷ್ಟೇ ಮಹತ್ವದ ಇನ್ನೊಂದು ಅಂಶ ಕಡಿಮೆ ಚರ್ಚೆಯಾಯಿತು. ಆ ದಾಖಲೆಗಳಲ್ಲಿ ಬದಲಾವಣೆ ಮಾಡುವ ಸಿಬ್ಬಂದಿ ಗುಪ್ತಪದದ ಮೇಲಷ್ಟೇ ನಿಲ್ಲದೆ ಬೆರಳಚ್ಚು ಕೊಟ್ಟು ಒಳಹೋಗಬೇಕಾಗಿತ್ತು. ನೋಡುವವರು ಲಕ್ಷಾಂತರ, ತಿದ್ದುವವರು ಕೆಲವರೇ, ತಿದ್ದಿದ ಪ್ರತಿಯೊಬ್ಬರ ಗುರುತೂ ದಾಖಲು ಎಂಬುದು ಅಲ್ಲಿನ ತತ್ವ. ಏಳು ಕಂಪ್ಯೂಟರುಗಳ ಕಚೇರಿಗೆ ಬೆರಳಚ್ಚಿನ ಯಂತ್ರ ಬೇಕಾಗಿಲ್ಲ. ಆ ತತ್ವವಂತೂ ಬೇಕು.

ಮಾಡಬೇಕಾದುದು

ಇದಕ್ಕೆ ಹೊಸ ಬಂಡವಾಳ ಬೇಡ. ಈ ಸೌಲಭ್ಯಗಳೆಲ್ಲ ನಾವು ಈಗಾಗಲೇ ಕೊಂಡ ಯಂತ್ರಗಳಲ್ಲಿಯೇ ಇವೆ. ಸದಸ್ಯ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟು:

1. ಒಂದು ಹಾಳೆಯಲ್ಲಿ ಎಡಕ್ಕೆ ಫೋಲ್ಡರುಗಳ ಹೆಸರು, ಮೇಲಕ್ಕೆ ಸಿಬ್ಬಂದಿಯ ಹೆಸರು ಬರೆದು, ಪ್ರತಿಯೊಂದು ಮನೆಯಲ್ಲಿ ‘ಇಲ್ಲ’, ‘ಓದಲು’, ‘ಬರೆಯಲು’ ಎಂದು ಮಾಲೀಕರೇ ತುಂಬಿ ಸಹಿ ಹಾಕಲಿ. ತಂತ್ರಜ್ಞರು ಅದನ್ನೇ ಜಾರಿಗೊಳಿಸಲಿ.

2. ಪ್ರತಿಯೊಬ್ಬರಿಗೂ ಅವರದೇ ಹೆಸರು ಮತ್ತು ಗುಪ್ತಪದವಿರಲಿ. ‘ಅಡ್ಮಿನ್’ ಎಂಬ ಹೆಸರಿನಿಂದ ದಿನನಿತ್ಯದ ಕೆಲಸ ನಡೆಯದಿರಲಿ. ಕೆಲಸ ಬಿಟ್ಟವರ ಹೆಸರನ್ನು ಅವರ ಬಾಕಿ ಸಂಬಳ ತೀರಿಸುವ ದಿನವೇ ಸ್ಥಗಿತಗೊಳಿಸಬೇಕು. ಕಡತಗಳನ್ನು ತೆರೆದ, ತಿದ್ದಿದ ವಿವರ ಬರೆದಿಡುವ ಸೌಲಭ್ಯ ಸರ್ವರಿನಲ್ಲಿದ್ದರೆ ಅದನ್ನು ಚಾಲನೆಯಲ್ಲಿಡಿಸಿ.

3. ಅತಿಥಿಗಳ ವೈಫೈ ಬೇರೆ, ಕಚೇರಿಯ ಜಾಲ ಬೇರೆ ಇರಲಿ.

4. ಮೂರು ತಿಂಗಳಿಗೊಮ್ಮೆ ಜಾರಿಯಲ್ಲಿರುವ ಹಂಚಿಕೆಯ ಪಟ್ಟಿಯನ್ನು ಮುದ್ರಿಸಿಕೊಡಲು ತಂತ್ರಜ್ಞರಿಗೆ ಹೇಳಿ. ಲಿನಕ್ಸ್ ಸರ್ವರಿನಲ್ಲಿ ‘ಎಕ್ಸ್‌ಪೋರ್ಟ್‌ಎಫ್‌ಎಸ್’, ವಿಂಡೋಸ್‌ನಲ್ಲಿ ‘ನೆಟ್ ಶೇರ್’ ಎಂಬ ಆದೇಶಗಳಿಂದ ಹಂಚಿದ ಫೋಲ್ಡರುಗಳ ಪಟ್ಟಿ ನಿಮಿಷದೊಳಗೆ ಸಿಗುತ್ತದೆ. ವಿಂಡೋಸ್‌ನಲ್ಲಿ ಪ್ರತಿ ಫೋಲ್ಡರಿನ ಅಧಿಕಾರದ ವಿವರವನ್ನೂ ಕೇಳಿ ಪಡೆಯಿರಿ. ಅದನ್ನು ಸಹಿ ಮಾಡಿದ ಹಾಳೆಯೊಂದಿಗೆ ಹೋಲಿಸಿ ನೋಡಿ.

5. ಬ್ಯಾಕಪ್ ಪ್ರತಿ ಜಾಲಕ್ಕೆ ಸೇರದ ಇನ್ನೊಂದು ಕಡೆಯೂ ಇರಲಿ. ವರ್ಷಕ್ಕೆರಡು ಬಾರಿ ಅದರಿಂದ ಲೆಕ್ಕವನ್ನು ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ.

ಬಿಗಿ ಅತಿಯಾಗಬಾರದೆಂಬ ಮಾತನ್ನೂ ಸೇರಿಸಬೇಕು. ಕೆಲಸಕ್ಕೆ ಬೇಕಾದ ಕಡತವೇ ತೆರೆಯದಿದ್ದರೆ ಸಿಬ್ಬಂದಿ ಅದನ್ನು ಪೆನ್‌ಡ್ರೈವಿನಲ್ಲಿ, ವಾಟ್ಸ್‌ಆ್ಯಪಿನಲ್ಲಿ ಸಾಗಿಸಲು ಆರಂಭಿಸುತ್ತಾರೆ. ಆಗ ನಾವು ಹಾಕಿದ ಬೀಗ ನಮ್ಮನ್ನೇ ಅಣಕಿಸುತ್ತದೆ. ಹಾಳೆಯನ್ನು ತುಂಬುವ ಮೊದಲು ಯಾರಿಗೆ ಏನು ಬೇಕೆಂದು ಅವರನ್ನೇ ಕೇಳುವುದು ಉಚಿತ.

“ನಾವು ನಾಲ್ಕೇ ಜನ, ಒಂದೇ ಮನೆಯವರಂತೆ ಇದ್ದೇವೆ” ಎಂಬ ಆಕ್ಷೇಪವನ್ನು ನಾನು ಆಗಾಗ ಕೇಳುತ್ತೇನೆ. ಒಂದೇ ಮನೆಯ ಅಣ್ಣತಮ್ಮಂದಿರು ಸಹ ಪಾಲುದಾರಿಕೆ ಪತ್ರವನ್ನು ಬರೆದುಕೊಳ್ಳುತ್ತಾರೆ. ಅದು ಜಗಳಕ್ಕಾಗಿಯಲ್ಲ, ಜಗಳವಾಗದಿರಲೆಂದು.

ನಮ್ಮ ವೃತ್ತಿ ಬಾಂಧವರಿಗೂ ಒಂದು ಮಾತು. ಲೆಕ್ಕ ಪರಿಶೋಧಕರಿಗೆ ಬೇಕಾದುದು ಓದುವ ಅಧಿಕಾರ ಮಾತ್ರ. ಅನುಕೂಲದ ಹೆಸರಿನಲ್ಲಿ ಅದಕ್ಕಿಂತ ಹೆಚ್ಚಿನದನ್ನು ಕೇಳಬಾರದು, ಕೊಟ್ಟರೂ ಪಡೆಯಬಾರದು. ನಾನು ಅಂದು ಕೇಳಿ ಪಡೆದೆ. ಅದರ ಬೆಲೆಯನ್ನು ತೆತ್ತವರು ಬೇರೊಬ್ಬರು.

ನಮ್ಮ ವಾಣಿಜ್ಯ ಸಂಸ್ಥೆಯು ಈ ವಿಷಯದ ಮೇಲೆ ಸ್ಥಳೀಯ ತಂತ್ರಜ್ಞರನ್ನೂ ಸದಸ್ಯರನ್ನೂ ಒಟ್ಟಿಗೆ ಕೂರಿಸಿ ಒಂದು ದಿನದ ಕಾರ್ಯಾಗಾರವನ್ನು ಏರ್ಪಡಿಸಿ, ಮೇಲೆ ಹೇಳಿದ ಹಾಳೆಯ ಮಾದರಿಯೊಂದನ್ನು ಮುದ್ರಿಸಿ ಹಂಚಿದರೆ ಬಹಳ ಉಪಕಾರವಾದೀತು. ಅದಕ್ಕಾಗಿ ಕಾಯದೆ, ಈ ಸಂಚಿಕೆ ಕೈಸೇರಿದ ವಾರದಲ್ಲಿಯೇ ಸದಸ್ಯರು ತಮ್ಮ ತಂತ್ರಜ್ಞರನ್ನು ಕರೆಸಿ, ತಮ್ಮ ಫೋಲ್ಡರುಗಳು ಯಾರಿಗೆಲ್ಲ ತೆರೆದಿವೆ ಎಂಬ ಪಟ್ಟಿಯನ್ನು ಒಮ್ಮೆ ಕೇಳಿ ಪಡೆಯಲಿ ಎಂದು ವಿನಂತಿಸುತ್ತೇನೆ.